ಛತ್ರಿಗಾಗಿ ವಾಪಸ್ ಬಂದ ಸೊಸೆ

ಐರ್ಲೆಂಡಿನ ಒಬ್ಬ ನಾಟಕಕಾರರಿಗೆ ನಾನು ಬಸವೇಶ್ವರನಗರದಲ್ಲಿ ಕೂತುಕೊಂಡು ಮಾಡಿದ ಅನ್ಯಾಯ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಸಂಭವವೂ ಇಲ್ಲ. ಅವರ ಹೆಸರು, ನಾಟಕದ ಹೆಸರು ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ. ಬರೆದರೆ ಮಾನ ಹೋಗುವುದು ಅವರದಲ್ಲ, ನನ್ನದು.

ಮೆಟ್ರೋ ಕಂಬಗಳು ಇನ್ನೂ ಎದ್ದಿರದ, ಪ್ರಬಂಧವನ್ನು ಫ್ಲಾಪಿಗೆ ಹಾಕಿಕೊಂಡು ಡಿಟಿಪಿ ಅಂಗಡಿಗೆ ಓಡುತ್ತಿದ್ದ ಕಾಲ ಅದು. ವಿಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಪಾರ್ಟ್ ಟೈಮ್. ಅಂದರೆ ಕೆಲಸ ಫುಲ್ ಟೈಮ್, ಮರ್ಯಾದೆ ಮಾತ್ರ ಪಾರ್ಟ್ ಟೈಮ್. ಆ ವರ್ಷ ನಮ್ಮ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಗುವುದಿತ್ತು. ಪ್ರಿನ್ಸಿಪಾಲರು ಕರೆದು ಹೇಳಿದರು: "ನೋಡಿ ಮೇಡಂ, ಜೂನ್ ಒಳಗೆ ಎಂ.ಫಿಲ್ ಮುಗಿಸ್ಕೊಂಡು ಬಂದ್ರೆ ಪೋಸ್ಟ್ ನಿಮ್ದೇ. ಇಲ್ಲಾಂದ್ರೆ ನನ್ ಕೈಲೇನಿಲ್ಲ, ಮ್ಯಾನೇಜ್‌ಮೆಂಟ್‌ನೋರು ಬೇರೆಯವರನ್ನ ತಗೋತಾರೆ."

ಬುದ್ಧಿ ಇದ್ದವರು ಇಂಥ ಹೊತ್ತಿನಲ್ಲಿ ಸುಲಭದ ವಿಷಯ ಹಿಡಿದು ದಡ ಸೇರುತ್ತಾರೆ. ನನ್ನ ಜೊತೆಯವರೆಲ್ಲ ಭಾರತೀಯ ಲೇಖಕಿಯರ ಕಾದಂಬರಿಗಳನ್ನು ಹಿಡಿದರು. ನಾನು 'ಸಮಕಾಲೀನ ಐರಿಷ್ ನಾಟಕ ಮತ್ತು ಅದರ ಮೇಲಿನ ಸಾಹಿತ್ಯಿಕ ಪ್ರಭಾವಗಳು' ಎಂದು ಬರೆದುಕೊಟ್ಟೆ. ಕಾರಣ ಕೇಳಬೇಡಿ. ಹೇಳಿದಾಗ ಎದುರಿಗಿದ್ದವರ ಹುಬ್ಬು ಮೇಲೇರುತ್ತಿತ್ತಲ್ಲ, ಅದೇ ಕಾರಣ. ಐರಿಷ್ ಜನರನ್ನು ನಾನು ಕಂಡಿರಲಿಲ್ಲ, ಐರಿಷ್ ನಾಟಕವನ್ನು ರಂಗದ ಮೇಲೆ ನೋಡಿರಲಿಲ್ಲ. ಆದರೂ ಸ್ಟಾಫ್ ರೂಮಿನಲ್ಲಿ ಯಾರೋ "ಐರ್ಲೆಂಡ್ ಅಂದ್ರೆ ಇಂಗ್ಲೆಂಡೇ ತಾನೇ?" ಎಂದಾಗ ಇಡೀ ಐರಿಷ್ ಜನಾಂಗದ ಪರವಾಗಿ ಒಂದು ಪೀರಿಯಡ್ಡು ಪೂರ್ತಿ ಜಗಳವಾಡಿದ್ದೆ.

ನನ್ನ ಗೈಡು ಊರಂಚಿನ ಉಲ್ಲಾಳದ ಪಕ್ಕದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿದ್ದರು. ಸಾಧು ಮನುಷ್ಯ. ಅವರಿಗಿದ್ದದ್ದು ಒಂದೇ ಹುಚ್ಚು, ಪ್ರಭಾವ. ನಾಟಕದಲ್ಲಿ ಏನೇ ಇರಲಿ, ಅದು ಎಲ್ಲಿಂದ ಬಂತು ಎಂದು ತೋರಿಸಬೇಕು. "ಪ್ರಭಾವ ಹೇಳದೆ ಒಂದು ಪ್ಯಾರಾನೂ ಬಿಡಬೇಡಿಮ್ಮಾ" ಎನ್ನುತ್ತಿದ್ದರು. ನಾನು ಬಿಡಲಿಲ್ಲ. ಪಾತ್ರಗಳು ಮಾತು ನಿಲ್ಲಿಸಿದರೆ ರಷ್ಯನ್ನರ ಪ್ರಭಾವ, ಮುದುಕಿ ಶಾಪ ಹಾಕಿದರೆ ಗ್ರೀಕರ ಪ್ರಭಾವ, ಮಳೆ ಬಂದರೆ ಐರ್ಲೆಂಡಿನದೇ ಹಳೆಯ ನಾಟಕಕಾರರ ಪ್ರಭಾವ. ಐರ್ಲೆಂಡಿನಲ್ಲಿ ಮಳೆ ತಾನಾಗಿಯೇ ಬರಬಹುದು ಎಂಬ ಯೋಚನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಇನ್ನು ಮನೆ. ಮನೆಯಲ್ಲಿ ನಾನು, ನನ್ನವರು, ಮತ್ತು ಅತ್ತೆ. ನನ್ನವರು ಬೆಳಿಗ್ಗೆ ಪೀಣ್ಯಕ್ಕೆ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದದ್ದು. ಹಗಲಿಡೀ ಮನೆಯಲ್ಲಿರುತ್ತಿದ್ದವರು ಅತ್ತೆ. ಅವರು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ದೂರದ ಊರಿಗೆ ಫೋನ್ ಮಾಡಬೇಕಾದರೆ ಮೊದಲೇ ಬುಕ್ ಮಾಡಿ ಕಾಯಬೇಕಿದ್ದ ಕಾಲದಲ್ಲಿ ಇಬ್ಬರ ಮಾತಿನ ನಡುವೆ ನುಗ್ಗಿ "ಮೂರು ನಿಮಿಷ ಆಯ್ತು ಸಾರ್, ಎಕ್ಸ್‌ಟೆಂಡ್ ಮಾಡ್ಲಾ?" ಎನ್ನುತ್ತಿದ್ದ ದನಿ ಅವರದು. ರಿಟೈರ್ ಆದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ. ನಾನು ತವರಿಗೆ ಫೋನ್ ಮಾಡಿ ಸ್ವಲ್ಪ ಹೊತ್ತಾದರೆ ಸಾಕು, ಅಡುಗೆಮನೆಯಿಂದಲೇ ಗಂಟಲು ಸರಿಮಾಡಿಕೊಳ್ಳುವ ಸದ್ದು ಬರುತ್ತಿತ್ತು.

"ನಂಗೆ ಕೊನೆ ಬೇಕು ಕಣೇ" ಎನ್ನುತ್ತಿದ್ದರು. "ಎಷ್ಟು ಜನರ ಅರ್ಧ ಅರ್ಧ ಮಾತು ಕಿವಿಗೆ ಬಿದ್ದಿದೆ ಗೊತ್ತಾ? ಆ ಹುಡುಗಿಗೆ ಮದುವೆ ಆಯ್ತಾ ಇಲ್ವಾ, ಆ ಮನುಷ್ಯ ಆಸ್ಪತ್ರೆಯಿಂದ ಬಂದ್ನಾ ಇಲ್ವಾ, ಒಂದೂ ಗೊತ್ತಾಗ್ಲಿಲ್ಲ. ಕಥೆ ಹೇಳೋದಾದ್ರೆ ಕೊನೆತನಕ ಹೇಳ್ಬೇಕು."

ಡಿಸೆಂಬರ್ ಬಂತು, ಅವರೆಕಾಯಿ ಬಂತು. ಬೆಂಗಳೂರಿನವರಿಗೆ ಇದರ ಸಡಗರ ಹೇಳಬೇಕಾಗಿಲ್ಲ. ಸೊಗಡಿನ ಕಾಯಿಯನ್ನು ಚೀಲಗಟ್ಟಲೆ ತಂದು ಸುಲಿದು, ಕಾಳನ್ನು ನೀರಲ್ಲಿ ನೆನೆಹಾಕಿ, ಮಾರನೆಯ ದಿನ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಬ್ಬರೇ ಕೂತು ಮಾಡಿದರೆ ಜನ್ಮ ಸಾಲದು. ಅದಕ್ಕೇ ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಹಾಲಿನಲ್ಲಿ ಚಾಪೆ ಹಾಕಿ ಅತ್ತೆ, ನಾನು, ಮಹಡಿ ಮನೆಯ ಬಾಡಿಗೆಯವರು ಮೂವರೂ ಕೂರುತ್ತಿದ್ದೆವು. ಆ ಮಹಡಿಯಾಕೆ ಗದಗದ ಕಡೆಯವರು, ಗಂಡನ ಫ್ಯಾಕ್ಟರಿ ಕೆಲಸಕ್ಕೆಂದು ಬಂದು ಸ್ವಲ್ಪ ಕಾಲವಾಗಿತ್ತು. ಅವರೆ ಹಿತುಕುವುದನ್ನು ಮೊದಲ ಸಲ ನೋಡಿ "ಇಷ್ಟಕ್ಕ ಇಷ್ಟು ತ್ರಾಸ ಯಾಕ್ರೀ, ಸಿಪ್ಪಿ ಸಮೇತ ತಿಂದ್ರ ಏನಾಗ್ತದ?" ಎಂದು ಕೇಳಿ ಅತ್ತೆಯ ಕೋಪಕ್ಕೆ ಗುರಿಯಾದವರು.

ಕೈಗೆ ಕೆಲಸ, ಬಾಯಿಗೆ ಬಿಡುವು. ಒಂದು ದಿನ ಅತ್ತೆ ಕೇಳಿದರು. "ಹಗಲೂ ರಾತ್ರಿ ಅದೇನೋ ಓದ್ತೀಯಲ್ಲ, ಅದ್ರಲ್ಲಿ ಕಥೆ ಏನು? ಹೇಳು ನೋಡೋಣ."

ಹೇಳಿದೆ. ಸಮುದ್ರದ ದಂಡೆಯ ಒಂದು ಹಳ್ಳಿ. ಒಂದೇ ಅಡುಗೆಮನೆ, ಮೂರು ಅಂಕವೂ ಅಲ್ಲೇ. ಒಲೆಯಲ್ಲಿ ಉರಿಯುವುದು ಸೌದೆಯಲ್ಲ, ಜವುಗು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ. ("ಬೆರಣಿ ಥರ ಅನ್ನು" ಎಂದರು ಅತ್ತೆ. ನಾನು ಆ ಹೆಂಟೆಯ ಬಗ್ಗೆ ನಾಲ್ಕು ಪುಟ ಬರೆದಿದ್ದೆ, ಬೆರಣಿ ಎಂದು ಹೊಳೆದಿರಲಿಲ್ಲ.) ಒಲೆ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ. ಮಗ ಇಂಗ್ಲೆಂಡಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಅಲ್ಲೇ ತೀರಿಕೊಂಡಿದ್ದಾನೆ. ಮನೆಯಲ್ಲಿ ಉಳಿದವಳು ಸೊಸೆ. ಮುದುಕಿ ಗಳಿಗೆಗೊಂದು ಸಲ ಟೀ ಕೇಳುತ್ತಾಳೆ, ಕೊಟ್ಟರೆ ತಣ್ಣಗಿದೆ ಎನ್ನುತ್ತಾಳೆ. ಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಗೆಳತಿ ಸೊಸೆಯನ್ನು ಬಾ ಬಾ ಎಂದು ಕರೆಯುತ್ತಿದ್ದಾಳೆ. ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತಲೇ ಮೂರು ಅಂಕ ಕಳೆಯುತ್ತಾಳೆ. ಕೊನೆಗೊಂದು ದಿನ ಮಳೆಯಲ್ಲಿ, ಬಾಗಿಲ ಹಿಂದೆ ನೇತುಹಾಕಿದ ಛತ್ರಿಯನ್ನೂ ತೆಗೆದುಕೊಳ್ಳದೆ ಹೊರಟುಬಿಡುತ್ತಾಳೆ. ಮುದುಕಿ ಟೀ ಕೇಳುತ್ತಾಳೆ. ಉತ್ತರವಿಲ್ಲ. ಮತ್ತೆ ಕೇಳುತ್ತಾಳೆ. ಬೆಳಕು ಆರುತ್ತದೆ.

ಇದು ನಾಟಕ. ನಾನು ಹೇಳಿದ್ದು ಇದಲ್ಲ.

'ಹೊರಟಳು' ಎನ್ನುವವರೆಗೆ ಸರಿಯಾಗೇ ಹೇಳಿದೆ. ಅಷ್ಟರಲ್ಲಿ ಅತ್ತೆ ಪಕ್ಕದ ಲೋಟ ಮುಟ್ಟಿ ನೋಡಿ "ಕಾಫಿ ಆರೋಯ್ತಲ್ಲೇ" ಎಂದರು. ಈ ಮಾತಿನ ಬೆನ್ನಿಗೇ ಸೊಸೆ ಅತ್ತೆಯನ್ನು ಬಿಟ್ಟು ಹೋದಳು ಎಂದು ಹೇಗೆ ಹೇಳುವುದು? ನಾಳೆ ಏನಾದರೂ ಒಂದು ಮಾತು ಬಂದರೆ 'ಅದೇನು ಓದ್ತಾಳೆ ಅಂತ ಗೊತ್ತು ಬಿಡು' ಎಂದು ನೆಂಟರ ಮುಂದೆಲ್ಲ ಮಾತಾಗುತ್ತದೆ. ಥಟ್ಟನೆ ಸೇರಿಸಿದೆ. "ಹೊರಟಳಾ, ಗೇಟಿನ ತನಕ ಹೋದಳು. ಛತ್ರಿ ಮರೆತಿದ್ದು ನೆನಪಾಯ್ತು. ತಗೊಳ್ಳೋಕೆ ಅಂತ ವಾಪಸ್ ಬಂದಳು. ಮುದುಕಿ ಮುಖ ನೋಡಿದಳು. ಛತ್ರೀನ ಮೊಳೆಗೇ ತೂಗಿಹಾಕಿ, ಟೀಗೆ ನೀರಿಟ್ಟಳು. ಅಷ್ಟೇ, ಮುಗೀತು."

ಮಹಡಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ, ಭಾಳ ಛಲೋ ಹೆಣ್ಮಗಳ್ರೀ ಆಕಿ."

ಅತ್ತೆ ಮಾತ್ರ "ಛತ್ರಿಗೋಸ್ಕರ ವಾಪಸ್ ಬಂದ್ಲಾ?" ಎಂದಷ್ಟೇ ಕೇಳಿ ಕೈಯಲ್ಲಿದ್ದ ಕಾಳನ್ನು ಹಿತುಕಿದ ರಭಸಕ್ಕೆ ಬೇಳೆ ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಪಾಪ, ಮನಸ್ಸು ತುಂಬಿ ಬಂದಿದೆ ಎಂದುಕೊಂಡೆ. ನಾಟಕದ ವಿದ್ಯಾರ್ಥಿನಿ ನಾನು, ಪ್ರೇಕ್ಷಕರ ಮುಖ ಓದಲು ನನಗೆ ಬರದೆ ಇನ್ನಾರಿಗೆ ಬರಬೇಕು!

ಅಲ್ಲಿಂದ ಆ ಕಥೆ ನಮ್ಮ ಮನೆಯ ಧಾರಾವಾಹಿಯಾಯಿತು. ಅತ್ತೆಯೇ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಮಹಾಲಕ್ಷ್ಮಿ ಲೇಔಟಿನಿಂದ ಅವರ ತಂಗಿ ಬಂದರೆ "ಆ ಛತ್ರಿ ಕಥೆ ಹೇಳೇ" ಎನ್ನುವರು. ಹಾಲು ಹಾಕುವ ಮನೆಯವರು ಬಂದು ಕೂತರೂ ಅದೇ. ಹೇಳುವಾಗ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು, ಕೊನೆಗೆ ಬಂದಾಗ ಉಸಿರು ಬಿಟ್ಟು ಮುಖ ತಿರುಗಿಸುತ್ತಿದ್ದರು. ನಾನೂ ಉತ್ಸಾಹದಲ್ಲಿ ಕೊನೆಯನ್ನು ಬೆಳೆಸುತ್ತಾ ಹೋದೆ. ಛತ್ರಿ ತೀರಿಕೊಂಡ ಗಂಡನದ್ದಾಯಿತು. ಅದರ ಒಂದು ಕಡ್ಡಿ ಮುರಿದಿತ್ತು. ಸಂಕ್ರಾಂತಿಯ ಹೊತ್ತಿಗೆ ಸೊಸೆ ವಾಪಸ್ ಬರುವಾಗ ಗುಡುಗನ್ನೂ ಹಾಕಿದ್ದೆ.

ಇದೆಲ್ಲ ಅವರೆಕಾಯಿಯ ಜೊತೆಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾಟಕದ ಜೆರಾಕ್ಸ್ ಪ್ರತಿಯನ್ನು ಗೈಡು "ಒಂದ್ಸಲ ಕಣ್ಣಾಡಿಸ್ತೀನಿ" ಎಂದು ಇಸಿದುಕೊಂಡಿದ್ದರು. ಅವರು ಕಣ್ಣಾಡಿಸುವುದು ಮುಗಿಯಲೇ ಇಲ್ಲ. ಕೊನೆಯ ಅಧ್ಯಾಯ ಬರೆಯುವ ದಿನ ಬಂತು, ಜೂನ್ ಹತ್ತಿರವಾಗುತ್ತಿತ್ತು. ಎಷ್ಟು ಸಲ ಹೇಳಿದ ಕಥೆ, ಪುಸ್ತಕ ಯಾಕೆ ಬೇಕು ಎಂದು ನೆನಪಿನಿಂದಲೇ ಬರೆದೆ. ನಂಬುತ್ತೀರೋ ಬಿಡುತ್ತೀರೋ, ಬರೆಯುವಾಗ ಒಂದು ಕ್ಷಣವೂ ಅನುಮಾನ ಬರಲಿಲ್ಲ. ನನ್ನ ಕಣ್ಣ ಮುಂದೆ ಆ ಸೊಸೆ ನಿಚ್ಚಳವಾಗಿ ವಾಪಸ್ ಬರುತ್ತಿದ್ದಳು. ಆ ಬರುವಿಕೆಯ ಮೇಲೆ ಇಡೀ ಅಧ್ಯಾಯ ಕಟ್ಟಿದೆ. ಛತ್ರಿ ಎಂಬುದು ಗ್ರೀಕರ ವಿಧಿಯ ಇಂದಿನ ರೂಪ. ಹೊಸ್ತಿಲಿನಿಂದ ಹಿಂದಿರುಗುವುದು ಹಳೆಯ ಐರಿಷ್ ರಂಗಭೂಮಿಯ ಪ್ರಭಾವ. ಟೀಗೆ ನೀರಿಡುವುದು ರಷ್ಯನ್ನರ ಪ್ರಭಾವ. ಗೈಡು ಓದಿದರೋ ಹಾಳೆ ತಿರುವಿದರೋ ಕಾಣೆ, "ತುಂಬಾ ಒರಿಜಿನಲ್ ಆಗಿದೆಮ್ಮಾ" ಎಂದು ಸಹಿ ಹಾಕಿದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ವೈವಾ ಜೂನ್‌ನಲ್ಲಿ ಬಂತು. ಯಾರು ಬೇಕಾದರೂ ಬಂದು ಕೂರಬಹುದಾದ ವೈವಾ. ನಮ್ಮ ವಿಭಾಗದ ವಾಡಿಕೆಯಂತೆ ಪರೀಕ್ಷಕರಿಗೆ ತಿಂಡಿ ಕಾಫಿ ವಿದ್ಯಾರ್ಥಿಯದೇ. ತಿಂಡಿ ಗರಿಗರಿಯಾಗಿದ್ದರೆ ಪ್ರಶ್ನೆಗಳು ಮೆತ್ತಗಿರುತ್ತವೆ ಎಂದು ಸೀನಿಯರ್‌ಗಳು ಹೇಳಿಕೊಟ್ಟಿದ್ದರು. ಅತ್ತೆ ಎರಡು ದಿನ ಕೂತು ಕೋಡುಬಳೆ ಕರಿದರು. ಆಮೇಲೆ "ನಾನೂ ಬರ್ತೀನಿ" ಎಂದರು. ಬೇಡ ಎನ್ನುವ ಧೈರ್ಯ ಯಾರಿಗಿತ್ತು! ರೇಷ್ಮೆ ಸೀರೆ ಉಟ್ಟು, ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು.

ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಪರೀಕ್ಷಕರು ಮೆತ್ತನೆ ಮಾತಿನವರು. ಅರ್ಧ ಗಂಟೆ ಎಲ್ಲವೂ ಸಲೀಸಾಗಿ ನಡೆಯಿತು. ಪೋಸ್ಟು ಸಿಕ್ಕೇಬಿಟ್ಟಿತು, ಇನ್ನು ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಟೇಬಲ್ಲು ನನ್ನದೇ ಎಂದು ಮನಸ್ಸಿನಲ್ಲೇ ಅದರ ಧೂಳು ಒರೆಸುತ್ತಿದ್ದೆ. ಆಗ ಅವರು ಕೊನೆಯ ಅಧ್ಯಾಯ ತೆರೆದು, ಇಂಗ್ಲಿಷಿನಲ್ಲೇ, ಬಹಳ ವಿನಯದಿಂದ ಕೇಳಿದರು: "ಸೊಸೆ ಛತ್ರಿಗಾಗಿ ವಾಪಸ್ ಬರ್ತಾಳೆ ಅಂತ ಬರೆದಿದ್ದೀರಿ. ಅದು ಯಾವ ಪುಟದಲ್ಲಿದೆ, ತೋರಿಸ್ತೀರಾ?"

ಗೈಡು ಜೆರಾಕ್ಸ್ ಪ್ರತಿಯನ್ನು ಅವತ್ತು ಕೊನೆಗೂ ತಂದಿದ್ದರು. ಕೊನೆಯ ಪುಟ ತಿರುವಿದೆ. ಹೊರಟಳು. ಬಾಗಿಲು. ಛತ್ರಿ ಮೊಳೆಯಲ್ಲೇ ತೂಗುತ್ತಿದೆ. ಟೀ. ಕತ್ತಲೆ. ಹಿಂದಿನ ಪುಟ ತಿರುವಿದೆ, ಜೆರಾಕ್ಸಿನವನು ಒಂದು ಹಾಳೆ ಬಿಟ್ಟಿದ್ದಾನೆಯೇ ಎಂದು ಪುಟಸಂಖ್ಯೆ ನೋಡಿದೆ. ಎಲ್ಲವೂ ಸರಿಯಾಗಿತ್ತು. ಗೈಡಿನ ಮುಖ ನೋಡಿದೆ, ಅವರು ಫ್ಯಾನು ನೋಡುತ್ತಿದ್ದರು.

"ಬೇರೆ ಯಾವುದಾದರೂ ಆವೃತ್ತಿ ಇದೆಯೋ?" ಪರೀಕ್ಷಕರು ದಯೆಯಿಂದ ಒಂದು ಬಾಗಿಲು ತೆರೆದುಕೊಟ್ಟರು.

ಹೌದು ಎನ್ನಲೇ ಎಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಟ್ರಂಕ್ ಕಾಲಿನ ದನಿ ಕೇಳಿತು. ಅತ್ತೆ ಎದ್ದು ನಿಂತಿದ್ದರು. "ವಾಪಸ್ ಬರ್ತಾಳೆ ಸಾರ್. ನಮ್ಮನೇಲಿ ಎಲ್ಲಾರ್ಗೂ ಗೊತ್ತು. ಎಷ್ಟು ಸಲ ಕೇಳಿದೀನಿ ನಾನೇ! ಬೇಕಾದ್ರೆ ನಮ್ಮ ಮಹಡಿ ಮನೆಯವರನ್ನ ಕೇಳಿ, ಅವರೂ ಹೇಳ್ತಾರೆ. ಓದಿ ಓದಿ ಕಣ್ಣು ಕೆಡಿಸ್ಕೊಂಡಿದಾಳೆ ಸಾರ್ ಈ ಹುಡುಗಿ, ಸುಮ್ನೆ ಯಾಕೆ ಬರೀತಾಳೆ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆದರೂ ಆ ಕ್ಷಣದಲ್ಲಿ ಅತ್ತೆಯ ಮೇಲೆ ಉಕ್ಕಿದ ಪ್ರೀತಿ ಅದಕ್ಕೂ ಮೊದಲು ಎಂದೂ ಉಕ್ಕಿರಲಿಲ್ಲ. ಅವರನ್ನು ನನ್ನ ಸುಳ್ಳಿಗೆ ಸಾಕ್ಷಿಯಾಗಿ ಹಾಗೆ ನಿಲ್ಲಿಸಿಡಲು ಆಗಲಿಲ್ಲ.

"ಇಲ್ಲ ಸಾರ್" ಎಂದೆ, ಕನ್ನಡದಲ್ಲೇ. "ನಾಟಕದಲ್ಲಿ ಅವಳು ವಾಪಸ್ ಬರಲ್ಲ. ಅದು ನಾನು ಮನೇಲಿ ಸೇರಿಸಿದ್ದು."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆಯಲು ಹಾಗೆ ಮಾಡಿದರೆಂದು ಆಮೇಲೆ ಗೊತ್ತಾಯಿತು. ಕೋಡುಬಳೆ ಎಲ್ಲರೂ ತಿಂದರು, ಬಹಳ ಹೊಗಳಿದರು. ಕೊನೆಯ ಅಧ್ಯಾಯವನ್ನು ಪೂರ್ತಿ ತಿರುಗಿ ಬರೆದು ಡಿಸೆಂಬರಿನಲ್ಲಿ ಮತ್ತೆ ಬನ್ನಿ ಎಂದು ತೀರ್ಪಾಯಿತು. ಡಿಸೆಂಬರ್ ಅಂದರೆ ಪೋಸ್ಟು ಹೋಯಿತು ಎಂದೇ ಅರ್ಥ. ಕಿಟಕಿ ಪಕ್ಕದ ಟೇಬಲ್ಲಿಗೆ ಮರುವಾರವೇ ಭಾರತೀಯ ಲೇಖಕಿಯರನ್ನು ಹಿಡಿದಿದ್ದ ಗೆಳತಿಯೊಬ್ಬಳು ಬಂದು ಕೂತಳು. ಅವಳ ತಪ್ಪಿಲ್ಲ, ಅವಳು ಕಾದಂಬರಿಗಳನ್ನು ಇದ್ದಂತೆಯೇ ಓದಿದ್ದಳು.

ಬಸ್ಸಿನಲ್ಲಿ ಅತ್ತೆ ಖಾಲಿ ಡಬ್ಬಿ ಹಿಡಿದುಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಸಭೆಯಲ್ಲಿ ಅವರ ಮರ್ಯಾದೆ ಕಳೆದೆನಲ್ಲ ಎಂದು ನಾನು ಒಳಗೇ ಸಾಯುತ್ತಿದ್ದೆ. ಪೋಸ್ಟು ಹೋದ ದುಃಖಕ್ಕೆ ಅಳು ಬೇರೆ ಒತ್ತಿ ಬರುತ್ತಿತ್ತು. ಚಂದ್ರಾ ಲೇಔಟ್ ಹತ್ತಿರ ಅತ್ತೆ ಕೇಳಿದರು.

"ಹಂಗಾದ್ರೆ ಅವಳು ವಾಪಸ್ ಬರೋದೇ ಇಲ್ವಾ?"

"ಇಲ್ಲ ಅತ್ತೆ."

"ನಂಗ್ಯಾಕೆ ಹಂಗೆ ಹೇಳ್ದೆ?"

"ನಿಮಗೆ ಬೇಜಾರಾಗುತ್ತೆ ಅಂತ. ಮುದುಕಿ ಒಬ್ಬಳೇ ಆಗ್ತಾಳಲ್ಲ..."

"ಮುದುಕಿ?" ಅತ್ತೆ ಪೂರ್ತಿ ನನ್ನ ಕಡೆ ತಿರುಗಿದರು. "ಮುದುಕಿ ಕಥೆ ಯಾರಿಗೆ ಬೇಕಾಗಿತ್ತೇ? ನಾನು ಕೇಳ್ತಿದ್ದಿದ್ದು ಆ ಸೊಸೆ ಕಥೆ."

ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

"ರಾಜಾಜಿನಗರದ ಮನೇಲಿ ಇದ್ವಲ್ಲ, ಆವಾಗ" ಎಂದರು, ಹೊರಗೆ ನೋಡುತ್ತಾ. "ನಮ್ಮತ್ತೆಗೆ ನಾನು ನೈಟ್ ಡ್ಯೂಟಿಗೆ ಹೋಗೋದೇ ಕಣ್ಣಲ್ಲಿ ಕಡ್ಡಿ. ಏನೇನು ಮಾತು ಆಡ್ತಿದ್ರು ಅಂತ ಈಗ ಬೇಡ. ಒಂದಿನ ಸಾಕಾಗೋಯ್ತು. ಹುಬ್ಬಳ್ಳಿ ಎಕ್ಸ್‌ಚೇಂಜ್‌ಗೆ ಟ್ರಾನ್ಸ್‌ಫರ್ ಕೇಳಿದ್ರೆ ಕೊಡ್ತೀವಿ ಅಂದಿದ್ರು. ಬ್ಯಾಗ್ ತಗೊಂಡು ಬಸ್ ಸ್ಟಾಪ್‌ವರೆಗೂ ಹೋದೆ. ಬಸ್ಸೂ ಬಂತು. ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಅಂತ ನೆನಪಾಯ್ತು ನೋಡು. ಓಡೋಡಿ ಬಂದೆ. ಹಾಲು ಆಗ್ಲೇ ಉಕ್ಕಿ ಚೆಲ್ಲಿತ್ತು. ಒಲೆ ಒರೆಸಿದೆ. ಆಮೇಲೆ ಅಲ್ಲೇ ಇದ್ದೆ."

ಕಂಡಕ್ಟರು ಬಂದ, ಹೋದ. ಬಸ್ಸು ಹಳ್ಳಕ್ಕೆ ಬಿದ್ದು ಎದ್ದಿತು.

"ಚಳಿಗಾಲದಲ್ಲಿ ನೀನು ಕಥೆ ಹೇಳಿದಾಗೆಲ್ಲ ದೇವರೇ, ಈ ಸಲನಾದ್ರೂ ಇವಳು ವಾಪಸ್ ಬರದೇ ಇರ್ಲಿ ಅಂತ ಕಾಯ್ತಿದ್ದೆ ಕಣೇ. ಅದಕ್ಕೇ ಮತ್ತೆ ಮತ್ತೆ ಹೇಳಿಸ್ತಿದ್ದೆ. ಪ್ರತಿ ಸಲ ಬಂದ್ಬಿಡ್ತಿದ್ಲು. ಅದೂ ಒಂದು ಮುರುಕಲು ಛತ್ರಿಗೆ! ನಂಗೆಷ್ಟು ಸಿಟ್ಟು ಬರ್ತಿತ್ತು ಗೊತ್ತಾ?"

ಯಾವ ಗ್ರಂಥಾಲಯದಲ್ಲೂ ನನಗೆ ಸಿಗದಿದ್ದ ಪ್ರಭಾವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿತ್ತು. ಒಂದು ಚಳಿಗಾಲ ಪೂರ್ತಿ ನಾನು ಅವರನ್ನು ಕುರ್ಚಿಯ ಮೇಲಿನ ಮುದುಕಿ ಮಾಡಿ ಕೂರಿಸಿದ್ದೆ, ಅವರು ಗೇಟಿನ ಹತ್ತಿರ ಬ್ಯಾಗು ಹಿಡಿದು ನಿಂತಿದ್ದರು. ಅವರ ಕೈಯ ಡಬ್ಬಿಯನ್ನು ಇಸಿದುಕೊಂಡು ನನ್ನ ತೊಡೆಯ ಮೇಲಿಟ್ಟುಕೊಂಡೆ.

"ಅಳ್ಬೇಡ" ಎಂದರು. "ಪೋಸ್ಟ್ ಇನ್ನೊಂದು ಬರುತ್ತೆ. ಮೊದಲು ಅವಳನ್ನ ಸರಿಯಾಗಿ ಕಳಿಸು."

ಆ ಅಧ್ಯಾಯವನ್ನು ಜೆರಾಕ್ಸ್ ಪ್ರತಿ ಮುಂದಿಟ್ಟುಕೊಂಡು ತಿರುಗಿ ಬರೆದೆ. ಡಿಸೆಂಬರಿನಲ್ಲಿ ಎಂ.ಫಿಲ್ ಆಯಿತು. ಪೋಸ್ಟು ಬರಲು ಮತ್ತೂ ಎರಡು ವರ್ಷ ಹಿಡಿಯಿತು. ಆದರೆ ಆ ಡಿಸೆಂಬರಿನ ಅವರೆಕಾಯಿ ಮಾತ್ರ ಹೊತ್ತಿಗೆ ಸರಿಯಾಗಿ ಬಂತು, ಚಾಪೆ ಹಾಸಿದೆವು, ಮಹಡಿಯಾಕೆ ಇಳಿದು ಬಂದರು. ಈಗ ಅವರ ಕೈ ನಮ್ಮಿಬ್ಬರಿಗಿಂತ ಚುರುಕಾಗಿತ್ತು. "ಹೇಳೇ" ಎಂದರು ಅತ್ತೆ.

ಹೇಳಿದೆ. ಗೇಟಿನ ತನಕ ಬಂದು ನಿಲ್ಲಿಸಿದೆ. ಅತ್ತೆಯ ಕೈಯೂ ನಿಂತಿತು.

"ಹೋದಳು" ಎಂದೆ. "ಮಳೆಯಲ್ಲೇ ಹೋದಳು. ಹಿಂದೆ ತಿರುಗಿ ನೋಡ್ಲಿಲ್ಲ."

"ಅಯ್ಯ, ಹೋದ ವರ್ಷ ಹಿಂಗ ಇರಲಿಲ್ಲಲ್ರೀ!" ಮಹಡಿಯಾಕೆ ಗಾಬರಿಯಾದರು. "ಮತ್ತ ಛತ್ರಿ?"

"ಒಳಗೇ ಉಳೀತು."

"ಅಷ್ಟು ಮಳಿಯಾಗ ಛತ್ರಿ ಇಲ್ಲದ ಹೋದ್ರ ಆಕಿ ನೆನೀತಾಳಲ್ರೀ ಅಕ್ಕಾರ!"

ಅತ್ತೆ ಒಂದು ಕಾಳು ತೆಗೆದುಕೊಂಡು, ನಿಧಾನವಾಗಿ ಹಿತುಕಿ, ಬೇಳೆಯನ್ನು ಪಾತ್ರೆಗೆ ಹಾಕಿದರು.

"ನೆನೀಲಿ ಬಿಡಿ" ಎಂದರು.